ಮೊಮ್ಮಗಳು ಆರಿಸಿದ ನಾಕು ಟೈರು

ಇದನ್ನ ನಮ್ಮೂರು ಸಗರದಾಗ ಎಲ್ಲಾರಿಗೂ ಹೇಳಿ ಆಗ್ಯಾದ. ಹಿಟ್ಟಿನ ಗಿರಣಿಯಾಗ ಹೇಳೀನಿ, ನಳದ ಮುಂದ ಹೇಳೀನಿ, ಪಿಂಚಣಿ ಕೊಡಾಕ ಬರೂ ಅಂಚೆಯವನಿಗೂ ಎರಡು ಸಲ ಹೇಳೀನಿ. ಈಗ ನನ್ನ ಕಂಡ್ರ ಓಣಿಯವರು, "ಆಯಿ, ಕೆಂಪು ಕಾರಿನ ಕಥಿ ಗೊತ್ತದ ಬಿಡು" ಅಂತ ಮೊದಲೇ ಅಂದುಬಿಡ್ತಾರ. ಕೇಳುವ ಮಂದಿ ಮುಗಿದ್ರು, ನನ್ನ ಸಂತೋಷ ಮುಗೀಲಿಲ್ಲ. ಅದಕ್ಕ ಬರಿಯಾಕತ್ತೇನಿ. ನಾನು ಕಲಿತದ್ದು ಮೂರನೇ ಇಯತ್ತೆ ತನಕ. ತಪ್ಪಿದ್ದಲ್ಲಿ ಓದುವವರು ಸುಧಾರಿಸಿಕೊಳ್ಳಬೇಕು.

ನನ್ನ ಮಗನ ಮಗಳು ಶಹಾಪುರದಾಗ ಒಂದು ಟೈರಿನ ಅಂಗಡಿಯೊಳಗ ಕೆಲಸ ಮಾಡ್ತಾಳ. ಐಟಿಐ ಮುಗಿಸಿ ತಾನೇ ಹೋಗಿ ಕೇಳಿ ಸೇರಿದಾಕಿ. ಅಂಗಡಿಯ ಮಾಲಕರು ವಯಸ್ಸಾದ ಸಾಬರು, ಎಲ್ಲಾರೂ ಅವರಿಗೆ ಉಸ್ತಾದ ಅಂತಾರ. ಅಂಗಡಿ ಎರಡು ಭಾಗ. ಹೊರಗ ತಗಡಿನ ಕೆಳಗ ಟ್ರ್ಯಾಕ್ಟರಿನ ಗಾಲಿ, ಪಂಚರ್ ನೋಡುವ ನೀರಿನ ಟಾಕಿ. ಒಳಗ ಟೈಲ್ಸ್ ಹಾಕಿದ ನೆಲ, ಕಾರು ಎತ್ತುವ ಮಷೀನು. ಎರಡು ವರ್ಷ ಆಕಿ ಹೊರಗೇ ಇದ್ದಳು. ಕಾಲುವೆ ಕೆಳಗಿನ ಭತ್ತದ ಗದ್ದಿಯಿಂದ ಬಂದ ಟ್ರ್ಯಾಕ್ಟರಿಗೆ ಮೊಣಕಾಲು ಮಟ ಎರಿ ಮಣ್ಣು ಮೆತ್ತಿರ್ತದ. ಅದನ್ನ ಕೆರೆದು, ತೊಳೆದು, ಆಳೆತ್ತರದ ಗಾಲಿ ಬಿಚ್ಚೂದು ಆಕಿಯ ಕೆಲಸ. ಮೈಯೆಲ್ಲಾ ಕೆಸರಾಗಿ ಮನಿಗೆ ಬಂದ್ರೂ ಒಂದಿನ ಬ್ಯಾಸರ ಅಂದಿಲ್ಲ. ಆದರ ಆಕಿಯ ಕಣ್ಣು ಒಳಗಿನ ಕೆಲಸದ ಮ್ಯಾಲ ಇತ್ತು.

ಒಳಗಿದ್ದ ಇಬ್ಬರು ಮಿಸ್ತ್ರಿಗಳಲ್ಲಿ ಒಬ್ಬ ಕೆಲಸ ಬಿಟ್ಟು ಹೋದ. ಆಗ ಉಸ್ತಾದರು ಆಕಿಗೆ, "ಮುಂದ ಬರೋ ಕಾರು ನಿಂದು, ಬೇಟಿ. ಚಂದ ಮಾಡಿದ್ರ ಒಳಗ. ಇಲ್ಲಂದ್ರ ಟಾಕಿ ಎಲ್ಲೂ ಹೋಗಿಲ್ಲ" ಅಂದರಂತ. ರಾತ್ರಿ ಉಣ್ಣುವಾಗ ಇದನ್ನ ಹೇಳಿದಳು. ಮರುದಿನ ನಾನು ರೊಟ್ಟಿ, ಪುಂಡಿಪಲ್ಲ್ಯಾ ಕಟ್ಟಿಕೊಂಡು ಆಕಿಯ ಜೋಡಿನೇ ಬಸ್ ಹತ್ತಿದೆ. "ಆಯಿ, ನೀ ಯಾಕ?" ಅಂದಳು. "ರೊಟ್ಟಿ ಒಯ್ಯಾಕ" ಅಂದೆ.

ಮುಂದ ಬಂದ ಕಾರು ಅಂದ್ರ ಅದು. ಕೆಂಪಗ, ನಮ್ಮ ಮನಿ ಹೊರಸಿಗಿಂತ ತಗ್ಗು. ಎರಡೇ ಮಂದಿ ಕೂಡಬೇಕು. ಇಂಜಿನ್ ಬಂದ್ ಮಾಡೂ ಮೊದಲು ಒಮ್ಮೆ ಗುರ್ ಅಂತು ನೋಡ್ರಿ, ನನ್ನ ಅಂಗಾಲಿಗೆ ತಟ್ಟಿತು. ನಾನು ರಸ್ತೆದಾಗ ಬ್ಯಾರೆ ಬ್ಯಾರೆ ಗಾಡಿ ನೋಡೀನಿ, ನಿಂತಲ್ಲೇ ಓಡುವಂಗ ಕಾಣುವ ಗಾಡಿ ಅದೊಂದೇ. ಮುಂದಿನ ಗಾಲಿ ಅಗಲ, ಹಿಂದಿನವು ಇನ್ನೂ ಅಗಲ. ತಂದವರು ಸುರಪುರ ಕಡೆಯ ಪ್ರಾಯದ ಸಾವಕಾರ್ರು. ಕಾಲುವೆ ನೀರಿನ ಭತ್ತ, ಮನಿಯಾಗ ಮೂರು ಟ್ರ್ಯಾಕ್ಟರು. ಕಾರು ಹೈದರಾಬಾದಿನಾಗ ಒಬ್ಬರು ಓಡಿಸಿದ್ದನ್ನ ಕೊಂಡಿದ್ದರು. ಅವರ ಹಿಂದ ಜೀಪಿನಾಗ ಅವರ ಡ್ರೈವರ್ ಎರಡು ಹೊಸಾ ದಪ್ಪ ಟೈರು ತಂದಿದ್ದ.

"ಹಿಂದಿನ ಎರಡು ತಗದು ಇವನ್ನ ಹಾಕ್ರಿ. ಅಗಲಾಗಿ, ಎತ್ತರಾಗಿ ಕಾಣಬೇಕು. ಮುಂದಿನವು ಹಂಗೇ ಇರಲಿ, ಇನ್ನೂ ಹಲ್ಲು ಅದಾವ" ಅಂದರು ಸಾವಕಾರ್ರು.

ಮೊಮ್ಮಗಳು ಹೊಸಾ ಟೈರಿನ ಪಕ್ಕಕ್ಕಿದ್ದ ಅಕ್ಷರದ ಮ್ಯಾಲ ಬೆರಳಾಡಿಸಿ ಓದಿದಳು. ನನಗ ಅವು ಕರಿ ಮ್ಯಾಲಿನ ಕರಿ ಗೀಟು. ಆಕಿ ಅದರಾಗ ಟೈರು ಎಷ್ಟು ಅಗಲ, ಎಷ್ಟು ಭಾರ ತಡೀತದ, ಎಷ್ಟು ಓಟ ತಡೀತದ, ಯಾವ ವಾರದಾಗ ಹುಟ್ಟ್ಯಾದ ಅಂತ ಎಲ್ಲಾ ಹೇಳಿದಳು. ಆಮ್ಯಾಲ ಕಾರಿನ ಕೆಳಗ ಬಗ್ಗಿ ಹೋಗಿ ನೋಡಿ ಬಂದಳು. ಬಂದು ಅಂದದ್ದು ಒಂದೇ ಮಾತು.

"ಇವು ಹಾಕಾಕ ಬರಂಗಿಲ್ಲರಿ, ಸಾವಕಾರ್ರ."

ಉಸ್ತಾದರು ಚಾ ಕಪ್ಪು ಕೆಳಗಿಟ್ಟರು. "ಯಾಕ ಬರಂಗಿಲ್ಲ? ರಿಮ್ಮಿಗೆ ಕೂಡತಾವ."

"ರಿಮ್ಮಿಗೆ ಕೂಡತಾವ, ಗಾಡಿಗೆ ಕೂಡಂಗಿಲ್ಲ. ಈ ಕಾರು ನಾಕೂ ಗಾಲಿಲೆ ಎಳೀತದ. ಹಿಂದ ಇಷ್ಟು ಎತ್ತರ ಆಗಿ, ಮುಂದ ಸವೆದದ್ದು ಉಳಿದ್ರ ಹಿಂದು ಮುಂದು ಜಗಳಾಡತಾವ."

"ಗಿರಾಕಿ ಕೇಳಿದ್ದು ಹಾಕೂದು ನಮ್ಮ ಕೆಲಸ" ಅಂದರು ಉಸ್ತಾದರು. ಸಿಟ್ಟಿನಿಂದ ಅನಲಿಲ್ಲ. ಸಣ್ಣ ದನಿಲೆ ಅಂದರು, ಅದಕ್ಕೇ ನನಗ ಅಂಜಿಕಿ ಬಂತು.

ಸಾವಕಾರ್ರು ನಕ್ಕರು. "ಉಸ್ತಾದ, ನಿಮ್ಮ ಹುಡುಗಿ ಟ್ರ್ಯಾಕ್ಟರ್ ಡಾಕ್ಟರು ಅಂತ ಕೇಳಿದ್ದೆ. ಇದು ಟ್ರ್ಯಾಕ್ಟರ್ ಅಲ್ಲವ್ವಾ."

ಎರಡು ವರ್ಷ ಕೆಸರು ಕೆರೆದಾಕಿಗೆ ಬಂದದ್ದು ಒಂದು ಕಾರು, ಅದಕ್ಕ ಒಲ್ಲೆ ಅಂದುಬಿಟ್ಟಳು. ಹಾಕಿಬಿಡು ತಾಯಿ, ಅವರ ಗಾಡಿ, ಅವರ ಟೈರು ಅಂತ ಕಣ್ಣಿಲೆ ಸನ್ನಿ ಮಾಡಿದೆ. ಆಕಿ ನನ್ನ ಕಡೆ ನೋಡಲಿಲ್ಲ.

"ಒಂದು ಟೈರು ರಿಮ್ಮಿಗೆ ಹಾಕಿ ಗಾಳಿ ತುಂಬತೀನಿ. ಕಾರಿಗೆ ಹಚ್ಚಂಗಿಲ್ಲ. ಬಾಜೂಕ ಮಾರ್ಕೆಟ್ಟಿನ ಸಿಮೆಂಟ್ ಕಟ್ಟಿ ಮ್ಯಾಲ ಉರುಳಿಸಿ ನೋಡೂಣು. ಮುಂದಿನದೂ ಇದೂ ಹತ್ತು ಸುತ್ತು ಉರುಳಿ ಒಂದೇ ಗೆರಿಗೆ ಬಂದ್ರ ಬಾಯಿ ಮುಚ್ಚಿ ಎರಡೂ ಹಾಕಿಕೊಡ್ತೀನಿ, ನಾಳೆಯಿಂದ ಟಾಕಿ ಮುಂದ ಕೂಡ್ತೀನಿ, ಉಸ್ತಾದ. ಮತ್ತ ಒಳಗಿನ ಮಾತು ತಗ್ಯಂಗಿಲ್ಲ."

ಉಸ್ತಾದರು ಸಾವಕಾರ್ರನ್ನ ನೋಡಿದರು. ಸಾವಕಾರ್ರಿಗೂ ಚೇಷ್ಟಿ ಅನಿಸಿರಬೇಕು, "ಆಗಲಿ, ಉರುಳಸ್ರಿ" ಅಂದರು.

ಹತ್ತಿ ಮಾರ್ಕೆಟ್ಟಿನ ಕಟ್ಟಿ ಆಗ ಖಾಲಿ ಇತ್ತು. ಮೂರು ಗಾಲಿ ಬಂದವು. ಕಾರಿನ ಮುಂದಿನದೊಂದು, ಹಿಂದಿನ ಹಳೇದೊಂದು, ಹೊಸಾ ದಪ್ಪದೊಂದು. ಆಕಿ ಒಂದೊಂದರ ಬುಡಕ್ಕ ಸುಣ್ಣದ ಗುರುತು ಹಾಕಿದಳು, ನೆಲಕ್ಕ ಒಂದು ಗೆರಿ ಕೊರೆದಳು. "ನೀವೇ ಉರುಳಸ್ರಿ, ಸಾವಕಾರ್ರ. ಆಮ್ಯಾಲ ಹುಡುಗಿ ಮೋಸ ಮಾಡ್ಯಾಳ ಅನಬಾರದು." ಬಿಳಿ ಅಂಗಿಯ ಸಾವಕಾರ್ರು ಬಗ್ಗಿ ಗಾಲಿ ಉರುಳಿಸಿದರು. ಗುರುತು ನೆಲಕ್ಕ ಬಂದಾಗೊಮ್ಮೆ ಡ್ರೈವರ್ ಜೋರಾಗಿ ಎಣಿಸಿದ.

ಅದನ್ನ ನೋಡ್ತಾ ನನಗ ನಮ್ಮ ಕುಲುಮಿ ನೆನಪಾತು. ನಮ್ಮದು ಸಗರದಾಗ ಕಮ್ಮಾರರ ಮನಿ. ಚಕ್ಕಡಿಯ ಕಟ್ಟಿಗಿ ಗಾಲಿಗೆ ನನ್ನ ಗಂಡ ಕಬ್ಬಿಣದ ಪಟ್ಟಿ ಕಟ್ಟತಿದ್ದರು. ಪಟ್ಟಿ ನೆಲಕ್ಕ ಉದ್ದಕ ಹಾಸಿ, ಗಾಲಿಗೆ ಇದ್ದಲಿನ ಗುರುತು ಹಚ್ಚಿ, ಪಟ್ಟಿ ಮ್ಯಾಲ ಉರುಳಿಸಿಕೊಂಡು ಹೋಗತಿದ್ದರು. ಗುರುತು ಮತ್ತ ಕೆಳಗ ಬಂದಲ್ಲಿ ಉಳಿ ಹಾಕಿ, ಒಂದು ಬೆರಳು ಕಮ್ಮಿ ಕಡೀತಿದ್ದರು. ಕುಳ್ಳಿನ ಬೆಂಕಿಯಾಗ ಪಟ್ಟಿ ಕೆಂಪಾಗಿ ಹಿಗ್ಗಿದಾಗ ಗಾಲಿಗೆ ತೊಡಿಸಿದ್ರ, ನಾನು ಕೊಡದ ನೀರು ಸುರಿಯಾಕಿ. ಛುಸ್ ಅಂತ ಹೊಗಿ ಎದ್ದು, ಪಟ್ಟಿ ಕುಗ್ಗಿ ಕಟ್ಟಿಗಿ ಹಿಡಕೊಳ್ಳೂ ಸಪ್ಪಳ ಈಗೂ ನನ್ನ ಕಿವಿಯಾಗ ಅದ. ಕಾಲುವೆ ಬಂತು, ಗದ್ದಿ ಆದವು, ಚಕ್ಕಡಿ ಕೆಸರಿನಾಗ ಹೂಳಾಕತ್ತವು, ಟ್ರ್ಯಾಕ್ಟರ್ ಬಂದವು. ಈಕಿ ಹುಟ್ಟೂ ಮೊದಲೇ ನಮ್ಮ ಕುಲುಮಿ ಆರಿತ್ತು. ಅಳತಿಯ ಈ ಪದ್ಧತಿ ಈಕಿಗೆ ನಾನು ಒಂದಿನ ಹೇಳಿಲ್ಲ, ಹೇಳುವಂಥ ಮಾತು ಅಂತ ನನಗ ಅನಿಸೇ ಇರಲಿಲ್ಲ.

ತಡೀಲಾರದೆ ಕಿವಿಯಾಗ ಕೇಳಿದೆ: "ಇದು ನಿನಗ ಯಾರು ಕಲಿಸ್ಯಾರ?"

"ಕೆಂಭಾವಿಯ ಒಬ್ಬ ಟ್ರ್ಯಾಕ್ಟರ್ ಮಿಸ್ತ್ರಿ."

"ಅವನಿಗೆ ಯಾರೋ ನಮ್ಮವರೇ ಕಲಿಸಿರಬೇಕು."

"ಎಲ್ಲಾ ನಮ್ಮ ಮನಿಯಿಂದನೇ ಹೊಂಟದ, ಆಯಿ. ಸುಮ್ಮ ಕೂಡು, ಎಣಿಕಿ ತಪ್ಪತದ."

ಮುಂದಿನ ಗಾಲಿ ಹತ್ತು ಸುತ್ತಿಗೆ ನಿಂತಲ್ಲಿ ಗೆರಿ ಹಾಕಿದಳು. ಹಿಂದಿನ ಹಳೇದು ಅಷ್ಟು ಅಗಲ ಇದ್ದರೂ ಅದೇ ಗೆರಿಯ ಹತ್ರನೇ ನಿಂತಿತು, ನಾಕು ಬೊಟ್ಟಿನ ಫರಕು. ಹೊಸಾದು ಹತ್ತನೇ ಸುತ್ತಿಗೆ ಗೆರಿ ದಾಟಿ ಹೋಗಿ ಎರಡು ಮೊಳ ಆಚೆ ನಿಂತಿತು.

"ಕಾರು ಮಾಡಿದವರು ಅಗಲ ಬ್ಯಾರೆ ಬ್ಯಾರೆ ಇಟ್ಟಾರ, ಸುತ್ತಳತಿ ಒಂದೇ ಇಟ್ಟಾರ" ಅಂದಳು ಆಕಿ.

ಸಾವಕಾರ್ರು ಕೈ ಝಾಡಿಸಿಕೊಂಡರು. "ಎರಡು ಮೊಳ ಹೆಚ್ಚಾದ್ರ ಏನಾತು?"

"ನಿಮ್ಮಲ್ಲಿ ನಾಕೂ ಗಾಲಿಲೆ ಎಳಿಯೋ ಟ್ರ್ಯಾಕ್ಟರ್ ಅದ ಏನ್ರಿ?"

"ಅದ. ಹೋದ ಬೆಳಿಗೆ ಅದರ ಗೇರ್ ಒಡೀತು."

"ಹಿಂದಿನ ಟೈರ್ ಅಷ್ಟೇ ಬದಲಿ ಮಾಡಿದ್ರೇನು, ಅದಕ್ಕಿಂತ ಮೊದಲು?"

ಸಾವಕಾರ್ರು ಡ್ರೈವರನ ಕಡೆ ನೋಡಿದರು. ಅವನು ತಲಿ ಕೆರಕೊಂಡ. "ಮಾಡಿದ್ವಿರಿ. ಮಾಡಿದ ಮ್ಯಾಲ ಒಂದು ತಿಂಗಳಿಗೆ. ಭತ್ತ ಹೇರಿಕೊಂಡು ಮಿಲ್ಲಿಗೆ ಹೊಂಟಾಗ."

"ಗದ್ದ್ಯಾಗ ಒಡೀಲಿಲ್ಲ, ನೋಡ್ರಿ. ಕೆಸರಿನಾಗ ಗಾಲಿ ಜಾರಿ ಫರಕು ಹೊಂದಿಸಿಕೊಳ್ತದ. ಡಾಂಬರಿನ ಮ್ಯಾಲ ಜಾರಂಗಿಲ್ಲ. ಉದ್ದ ಹೆಜ್ಜಿ ಎತ್ತಿಗೆ ಗಿಡ್ಡ ಹೆಜ್ಜಿ ಎತ್ತು ಕಟ್ಟಿದಂಗ, ನಡುವಿನ ಗೇರಿಗೆ ಹೆಗಲು ಹುಣ್ಣು. ಈ ಕಾರಿನ ಟೈರಂತೂ ರಸ್ತೆ ಬಿಗಿ ಹಿಡೀಲಿ ಅಂತನೇ ಮಾಡ್ಯಾರ. ಅಳತಿ ತಪ್ಪಿದ್ರ, ಎಷ್ಟು ಚಲೋ ಟೈರು ಹಾಕ್ತೀರೋ ಅಷ್ಟು ಲಗೂ ಗೇರ್ ಒಡೀತದ."

ಸಾವಕಾರ್ರು ಆ ಎರಡು ಮೊಳದ ಜಾಗದಾಗ ತಮ್ಮ ಬೂಟು ಇಟ್ಟು ನೋಡಿದರು. ಒಮ್ಮೆ ಅಲ್ಲ, ಎರಡು ಸಲ. ಆಮ್ಯಾಲ, "ಹಂಗಾದ್ರ ನಾಕೂ ನೀನೇ ಆರಿಸು" ಅಂದರು. ಅಂದವರು ಅಲ್ಲಿಗೇ ಬಿಡಲಿಲ್ಲ. "ಆದರ ರೇಸಿನ ಟೈರೇ ಬೇಕು. ಎಲ್ಲಕ್ಕಿಂತ ಹೆಚ್ಚು ಹಿಡಿಯೂವು."

"ಎಲ್ಲಿ ಓಡಿಸ್ತೀರಿ?"

"ಶಹಾಪುರ, ಸುರಪುರ. ಒಮ್ಮೊಮ್ಮೆ ಯಾದಗಿರಿ ತನಕ."

"ಅಲ್ಲಿ ಯಾರ ಜೋಡಿ ರೇಸು? ಭತ್ತದ ಲಾರಿ ಜೋಡೇನ್ರಿ?"

ಉಸ್ತಾದರಿಗೆ ನಗು ಬಂತು, ಗಡ್ಡದಾಗ ಮುಚ್ಚಿಕೊಂಡರು. ಆಕಿ ಬಿಡಿಸಿ ಹೇಳಿದಳು. ರೇಸಿನ ಟೈರು ಹೆಚ್ಚು ಕಡಿಮಿ ಬೋಳು. ಕಾದ ಮ್ಯಾಲ ಹಿಡೀತದ, ತಣ್ಣಗಿದ್ದಾಗ ಹಿಡಿಯೂದಿಲ್ಲ, ನೀರು ಕಂಡ್ರಂತೂ ತೇಲತದ. ನಮ್ಮ ಕಡೆ ಹೊಲಗಾಲುವೆ ಒಡೆದು ರಸ್ತೆಗೆ ನೀರು ಬರೂದು ಯಾವಾಗ ಅಂತ ಹೇಳಾಕ ಬರಂಗಿಲ್ಲ. ಅದಕ್ಕ ನಡುವ ಉದ್ದಕ ನೀರು ಹರಿಯೂ ಕಾಲುವೆ ಇದ್ದು, ಅಂಚಿಗೆ ರಬ್ಬರು ಗಟ್ಟಿ ಇದ್ದದ್ದು ಬೇಕು.

ನಾನು ನಡುವ ಬಾಯಿ ಹಾಕಿದೆ. "ಟ್ರ್ಯಾಕ್ಟರಿನಂಗ ದೊಡ್ಡ ದೊಡ್ಡ ಹಲ್ಲು ಇದ್ದದ್ದು ಹಾಕಬಾರದೇನು? ಅದು ಹಿಡೀತದಲ್ಲ?"

ಆಕಿ ನನ್ನ ಹೆಬ್ಬಟ್ಟು ಹಿಡಿದು ಅಂಗಡಿಯ ಎರಡು ಟೈರಿಗೆ ಒತ್ತಿಸಿದಳು. ಟ್ರ್ಯಾಕ್ಟರಿನ ಹಲ್ಲು ಕಲ್ಲಿನಂಗ ಇತ್ತು. ಕಾರಿನದು ಒಣಗಿದ ಬೆಲ್ಲದಂಗ, ಒತ್ತಿದ್ರ ಚೂರು ಇಳೀತು. "ಹಲ್ಲು ಮಣ್ಣಿಗೆ, ಆಯಿ. ಡಾಂಬರಿಗೆ ಮೆತ್ತಗಿನ ರಬ್ಬರು ಹೆಚ್ಚು ಮುಟ್ಟಬೇಕು." ಅರವತ್ತು ದಾಟಿದ ಮ್ಯಾಲ ನಾನು ಹೆಬ್ಬಟ್ಟಿಲೆ ಕಲಿತ ಪಾಠ ಅದು.

ತಂದಿದ್ದ ಎರಡು ಟೈರು ವಾಪಸ್ ಹೋದವು. ಆಕಿ ಬರೆದುಕೊಟ್ಟ ನಾಕು ಟೈರು ಎಂಟು ದಿನಕ್ಕ ಹೈದರಾಬಾದಿನಿಂದ ಬಂದವು. ಆ ಎಂಟು ದಿನ ಉಸ್ತಾದರು ಆಕಿಗೆ ಒಳಗ ಬಾ ಅನಲಿಲ್ಲ, ಹೊರಗ ಹೋಗು ಅಂತಲೂ ಅನಲಿಲ್ಲ. "ಗಾಡಿ ಓಡಲಿ, ಆಮ್ಯಾಲ ನೋಡೂಣು" ಅಂದಿದ್ದರಂತ. ಎರಡು ರೊಟ್ಟಿ ಉಣ್ಣಾಕಿ ಒಂದೇ ಉಂಡು ಎದ್ದುಬಿಡತಿದ್ದಳು.

ಟೈರು ಬಂದ ದಿನ ನಾನು ಮತ್ತ ಹೋದೆ. ಈ ಸಲ ಯಾಕ ಅಂತ ಆಕಿ ಕೇಳಲಿಲ್ಲ. ಟೈರಿನ ಮ್ಯಾಲಿನ ಬಾಣದ ಗುರುತು ಮುಂದಕ್ಕ ಉರುಳುವಂಗ ಅದ ಏನು ಅಂತ ನಾಕಕ್ಕೂ ಎರಡೆರಡು ಸಲ ನೋಡಿದಳು. ಬೋಲ್ಟು ಒಂದು ಬಿಗಿದ ಮ್ಯಾಲ ಅದರ ಎದುರಿನದು, ಆಮ್ಯಾಲ ಬಾಜೂಕಿನದು, ಮತ್ತ ಅದರ ಎದುರಿನದು, ಹಿಂಗ ಬಿಗಿದಳು. ಬಿಗಿತ ಸಾಕಾದಾಗ ಪಾನಾ ಟಕ್ ಅಂತದ, ಅಷ್ಟಕ್ಕ ನಿಂದರಬೇಕಂತ. ತೋಳಿನಾಗ ಎಷ್ಟು ಬಲ ಇದ್ದರೂ ಟಕ್ ಅಂದಮ್ಯಾಲ ಒಂದು ಎಳಿ ಹೆಚ್ಚು ತಿರುವಲಿಲ್ಲ. ಆ ತಾಳ್ಮಿ ಕಂಡು ನನಗ ಆದ ಹೆಮ್ಮಿ ಹ್ಯಾಂಗ ಬರೀಬೇಕೋ ತಿಳೀವಲ್ದು.

"ಬಾಜೂಕ ನೀನೇ ಕೂಡು. ಏನರ ಆದ್ರ ನಿನಗೂ ಆಗಲಿ" ಅಂತ ಸಾವಕಾರ್ರು ಚೇಷ್ಟಿ ಮಾಡಿದರು. ಆಕಿ ಕೂತಳು. ಕಾರು ಭೀಮರಾಯನಗುಡಿ ಕಡೆ ಹೊಂಟಿತು. ಉಸ್ತಾದರು ರಸ್ತೆಗೆ ಬಂದು ನಿಂತರು, ನಾನೂ ನಿಂತೆ. ಅವರ ಚಾ ಆರಿ ಹೋತು. ನಾನು ಕುರ್ಚಿ ಕೊಟ್ಟರೂ ಕೂಡಲಿಲ್ಲ.

ಅರ್ಧ ತಾಸಿಗೆ ಕೆಂಪು ಕಂಡಿತು. ಕಾರು ನಿಂತ ಕೂಡಲೇ ಆಕಿ ಇಳಿದು ನಾಕೂ ಟೈರಿಗೆ ಒಂದೊಂದಾಗಿ ಅಂಗೈ ಇಟ್ಟಳು. ಹಿಂದ ಹಿಂದೇ ಉಸ್ತಾದರೂ ಬಂದು ಆಕಿ ಇಟ್ಟಲ್ಲೇ ತಮ್ಮ ಅಂಗೈ ಇಟ್ಟರು.

"ಹಿಂದು ಮುಂದು ಜಗಳಾಡಿಲ್ಲ, ನಾಕೂ ಸಮಾ ಬೆಚ್ಚಗ ಅದಾವ" ಅಂದಳು.

"ಅದಾವ" ಅಂದರು ಉಸ್ತಾದರು.

ಸಾವಕಾರ್ರು ಇಳಿದು ಬಾಗಿಲಿಗೆ ಆತು ನಿಂತರು. "ಕಾಲುವೆ ಸೇತುವೆ ಹತ್ರ ರಸ್ತೆ ಮ್ಯಾಲ ನೀರಿತ್ತು. ನಾ ಅಂಜಿ ಬ್ರೇಕ್ ಒತ್ತಿದೆ. ಗೆರಿ ಹೊಡೆದಂಗ ನೆಟ್ಟಗ ನಿಂತಿತು. ಉಸ್ತಾದ, ಈ ಹುಡುಗಿನ್ನ ಟಾಕಿ ಮುಂದ ಕೂಡಿಸಿದ್ರ ನಾ ನನ್ನ ಮೂರೂ ಟ್ರ್ಯಾಕ್ಟರ್ ಯಾದಗಿರಿಗೆ ಒಯ್ತೀನಿ."

"ನನ್ನ ಅಂಗಡಿ ನಾ ನಡಸ್ತೀನಿ, ನಿಮ್ಮ ಗದ್ದಿ ನೀವು ನೋಡ್ಕೋರಿ" ಅಂದರು ಉಸ್ತಾದರು. ಮೊಮ್ಮಗಳ ಕಡೆ ತಿರುಗಿ ಒಂದು ಮಾತೂ ಆಡಲಿಲ್ಲ. ನನಗ ಸ್ವಲ್ಪ ಸಿಟ್ಟು ಬಂತು, ಖರೇ ಹೇಳತೀನಿ.

ಅಷ್ಟರಾಗ ಒಬ್ಬ ಮಾಸ್ತರು ಬಿಳಿ ಕಾರು ತಂದು ನಿಲ್ಲಿಸಿದರು. ಇಳಿದವರೇ, "ಉಸ್ತಾದ, ಯಾವ ಟೈರು ಹಾಕಸಲಿ?" ಅಂತ ಕೇಳಿದರು.

ಉಸ್ತಾದರು ಆರಿದ ಚಾ ತಗೊಂಡು ಕುರ್ಚಿ ಮ್ಯಾಲ ಕೂತರು. "ನನ್ನ ಯಾಕ ಕೇಳ್ತೀರಿ, ಮಾಸ್ತರ? ಆಕೀನ್ನ ಕೇಳ್ರಿ. ಒಳಗ ಇದ್ದಾಳ."

ಆಕಿ ಇನ್ನೂ ಹೊರಗೇ ನಿಂತಿದ್ದಳು. ಆ ಮಾತು ಕೇಳಿ ಚಪ್ಪಲಿಯ ಕೆಸರು ಕಂಬಕ್ಕ ಬಡಿದು ಉದುರಿಸಿ ಒಳಗ ಹೋದಳು.