ಊನವನ್ನು ಮೊದಲು ಹೇಳುತ್ತಿದ್ದವರು

ದೊಡ್ಡಮ್ಮನ ಬಲಗಡೆಯ ಮೂಗಿನ ಹೊಳ್ಳೆ ಅಂಚಿನಿಂದ ಮೇಲಕ್ಕೆ ಸೀಳಿ ಎರಡಾಗಿತ್ತು. ಅವರು ಜೋರಾಗಿ ಉಸಿರೆಳೆದಾಗ ಆ ಎರಡು ತುಂಡುಗಳು ಒಂದನ್ನೊಂದು ಮುಟ್ಟಿ ಬಿಡುತ್ತಿದ್ದವು. ಹೊಸ ಮನೆಯೊಂದಕ್ಕೆ ಹೋದೊಡನೆ, ಚಾಪೆಯ ಮೇಲೆ ಕೂರುವುದಕ್ಕೂ ಮುನ್ನ, ಅವರು ಅದರ ಮೇಲೆ ಬೆರಳಿಟ್ಟು ಹೇಳುತ್ತಿದ್ದರು: "ನೋಡ್ಕಂಡ್ರಾ? ಮೂಗುತಿ ಜೊತೆಗೆ ಗಂಡ ಕಿತ್ಕಂಡೋದ. ಆಯ್ತಾ? ಈಗ ನಿಮ್ಮುಡುಗಿ ವಿಷ್ಯಕ್ಕೆ ಬರಾನ."

ಅನಂತರ ಯಾರೂ ಆ ಮೂಗನ್ನು ಕದ್ದು ನೋಡುತ್ತಿರಲಿಲ್ಲ.

ಅವರು ನಮ್ಮ ರಕ್ತಸಂಬಂಧಿಯಲ್ಲ. ತಮಿಳುನಾಡಿನ ಗಡಿಯೂರು ಬೇರಿಕೆಯ ನಮ್ಮ ಬೀದಿಯಲ್ಲಿದ್ದ ಹಿರಿಯರಾದ್ದರಿಂದ ದೊಡ್ಡಮ್ಮ ಎನ್ನುತ್ತಿದ್ದೆವು. ಗಂಡು ಹೆಣ್ಣು ಕೂಡಿಸುವುದು ಅವರ ಕಸುಬು. ಬಾಗಲೂರು, ಹೊಸೂರು, ಗಡಿಯಾಚೆ ಮಾಲೂರಿನವರೆಗೂ ಅವರ ಓಡಾಟವಿತ್ತು. ಓದು ಬರಹ ಬಾರದ ಅವರಿಗೆ ಬರೆದುಕೊಡುವವರೊಬ್ಬರು ಬೇಕಾಗಿತ್ತು. ನಮ್ಮ ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಫೋಟೋಗಳನ್ನು ಅವರು ನಂಬುತ್ತಿರಲಿಲ್ಲ. "ಫೋನು ಎಲ್ಲಾರ್ನೂ ಬೆಳ್ಳಗೆ ಮಾಡ್ತದೆ. ಬಂದು ನೋಡ್ದೋರು ನನ್ ಮುಖಕ್ಕೆ ಉಗೀತಾರೆ" ಎನ್ನುತ್ತಿದ್ದರು. ಆದಕಾರಣ ಫೋಟೋದ ಜೊತೆಗೆ ಹುಡುಗಿಯ ಮುಖವನ್ನು ಮಾತಿನಲ್ಲಿ ಬರೆದು ವಾಟ್ಸಾಪಿನಲ್ಲಿ ಕಳಿಸಬೇಕಿತ್ತು. ಗಂಡಿನ ಮನೆಯಲ್ಲಿ ಯಾರಾದರೂ ಅದನ್ನು ಗಟ್ಟಿಯಾಗಿ ಓದುತ್ತಿದ್ದರು, ಹಿರಿಯರು ಕಿವಿಗೊಟ್ಟು ಕೇಳುತ್ತಿದ್ದರು.

ನನ್ನ ಮೊದಲ ಬರಹದಲ್ಲಿ ತಾವರೆಯ ಕಣ್ಣು, ಸಂಪಿಗೆಯ ಮೂಗು, ದಾಳಿಂಬೆಯ ಹಲ್ಲು ಇದ್ದವು. ಪಠ್ಯಪುಸ್ತಕದಲ್ಲಿ ಸರಿಯೆಂದು ಕಂಡದ್ದನ್ನೇ ಬರೆದಿದ್ದೆ. ಓದಿಸಿಕೊಂಡ ದೊಡ್ಡಮ್ಮ ಎಲೆಯಡಿಕೆ ಉಗುಳಿ ಬಂದರು.

"ಏನಮ್ಮಿ ಇದು, ಬಾಗಲೂರು ಹೂವಿನ ತೋಟನಾ? ಇದ್ರೊಳಗೆ ಹುಡುಗಿ ಎಲ್ಲವ್ಳೆ?"

"ಹಾಗಾದರೆ ಹೇಗೆ ಬರೆಯಲಿ?"

"ಊನ ಮೊದ್ಲು ಬರಿ. ಅದುನ್ನ ಹೇಳ್ಬುಟ್ರೆ ಮಿಕ್ಕಿದ್ದೆಲ್ಲಾ ನಂಬ್ತಾರೆ. ಆಮೇಲೆ, ಮುಖ ಏನ್ ಮಾಡ್ತದೆ ಅದುನ್ನ ಬರಿ. ಗೋಡೆ ಮೇಲಿನ ಕ್ಯಾಲೆಂಡರ್ರಾ ಅದು, ಸುಮ್ನೆ ತೂಗಾಡೋಕೆ? ಎಲ್ಡು ಮಾತು, ಮೂರು ಮಾತು, ಅಷ್ಟೆ. ಕಣ್ಣು, ಕಿವಿ, ಹುಬ್ಬು ಅಂತ ಎಣಿಸ್ತಾ ಹೋಗೋಕೆ ಕುರಿ ಮಂದೆನಾ?"

ಹುಡುಗಿಯನ್ನು ಎದುರಿಗೆ ಕೂರಿಸಿ ಅವರು ಎಂದೂ ನೋಡಿದವರಲ್ಲ. ಕೈಗೊಂದು ಕೆಲಸ ಕೊಡುತ್ತಿದ್ದರು, ಸಾಮಾನ್ಯವಾಗಿ ಅವರೆಕಾಯಿ ಸುಲಿಯುವುದು. ಮುಖ ತನ್ನನ್ನು ತಾನು ಮರೆತಾಗ ನನ್ನ ಮೊಣಕೈ ತಿವಿಯುತ್ತಿದ್ದರು. ಒಮ್ಮೆ ದವಡೆ ಸುಟ್ಟ ಹುಡುಗಿಯೊಬ್ಬಳ ಮನೆಗೆ ಹೋಗಿದ್ದೆವು. "ದವಡೆ ಸುಟ್ಟೈತೆ ಅಂತ ಶುರು ಮಾಡು" ಎಂದು ಅವಳ ಮುಂದೆಯೇ ಹೇಳಿದರು. ಹುಡುಗಿ ಅತ್ತಳು. ದೊಡ್ಡಮ್ಮ ಅವಳ ಗಲ್ಲವನ್ನು ಹಿಡಿದು ಬೆಳಕಿನ ಕಡೆಗೆ ತಿರುಗಿಸಿದರು. "ಈಗ್ಲೇ ಅತ್ತು ಮುಗಿಸ್ಕೊ. ಅಲ್ಲೋಗಿ ಅಳ್ಬೇಡ" ಎಂದರು. ಅವಳ ಕಣ್ಣು ಒರೆಸಲು ಮುಂದಾದ ತಾಯಿಯ ಕೈಯನ್ನು ಸರಿಸಿ, ಅಳುವಾಗ ಆ ಮುಖ ಏನಾಗುತ್ತದೆಂದು ನೋಡುತ್ತಾ ಕುಳಿತರು. ನಾನೂ ನೋಡಿದೆ. ಆ ಸಂಬಂಧ ಕೂಡಿಬಂತು ಎಂಬುದನ್ನೂ ಹೇಳಬೇಕು.

ನಾನೀಗ ಕಥೆಗಳನ್ನು ಬರೆಯುತ್ತೇನೆ. ಪಾತ್ರಗಳ ಮುಖಗಳು ಕಣ್ಣಿಗೆ ಕಟ್ಟುತ್ತವೆ ಎಂದು ಓದಿದವರು ಹೇಳುವುದುಂಟು. ಆ ವಿದ್ಯೆಯನ್ನು ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ.

ನನ್ನ ಅಕ್ಕನಿಗೆ ಗಂಡು ನೋಡುವ ಕಾಲ ಬಂತು. ಹತ್ತನೆಯ ತರಗತಿಗೆ ಓದು ಬಿಟ್ಟು ಹೊಸೂರಿನ ಕಾರ್ಖಾನೆಯೊಂದರಲ್ಲಿ ದುಡಿದು ನನ್ನನ್ನು ಓದಿಸಿದವಳು ಅವಳು. ದಣಿದಾಗ ಅವಳ ಎಡಗಣ್ಣು ಹೊರಕ್ಕೆ ಸರಿಯುತ್ತಿತ್ತು. ಅದನ್ನು ಬರೆಯಲು ನನ್ನಿಂದಾಗಲಿಲ್ಲ. ಬಿಟ್ಟು ಬರೆದೆ. ದೊಡ್ಡಮ್ಮನಿಗೆ ಓದಿ ಹೇಳುವಾಗ ಮಾತ್ರ ಆ ವಾಕ್ಯ ಇರುವಂತೆ ನಟಿಸಿದೆ.

ಕೃಷ್ಣಗಿರಿಯಿಂದ ಗಂಡಿನ ಕಡೆಯವರು ಬಂದ ದಿನ ಅಕ್ಕ ಬೆಳಗಿನ ಪಾಳಿ ಮುಗಿಸಿ ಆಗತಾನೆ ಕಂಪನಿ ಬಸ್ಸಿನಿಂದ ಇಳಿದಿದ್ದಳು. ಕಾಫಿಯ ತಟ್ಟೆ ಹಿಡಿದು ನಿಂತವಳನ್ನು ಗಂಡಿನ ಸೋದರತ್ತೆ ದಿಟ್ಟಿಸಿದರು.

"ಇಂಗ ಪಾರುಮ್ಮಾ, ಇಲ್ನೋಡು. ಯಾರ್ನ ನೋಡ್ತಿದ್ದೀಯ, ನನ್ನನ್ನಾ, ನಿಮ್ ಕಿಟಕಿನಾ?"

ಎಲ್ಲರೂ ನಕ್ಕರು. ಉಪ್ಪಿಟ್ಟು ತಿಂದು ಮುಗಿಸಿ, ಕಣ್ಣನ್ನೇ ಮುಚ್ಚಿಟ್ಟವರು ಇನ್ನೇನೇನು ಮುಚ್ಚಿಟ್ಟಿದ್ದಾರೋ ಎಂದು ನಮಗೆ ಕೇಳುವಂತೆ ಹೇಳಿಕೊಂಡು ಹೋದರು.

ದೊಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದರು. "ಅವ್ರು ನಕ್ಕಿದ್ದಲ್ಲ ಕಣಮ್ಮಿ. ನಗೋಕೆ ಜಾಗ ಬಿಟ್ಟೋಳು ನೀನು. ನಾಳೆ ಅವಳ್ನ ಎದುರ್ಗೆ ಕೂರಿಸ್ಕಂಡು ಬರಿ."

ಮರುದಿನ ಭಾನುವಾರ. ಅಕ್ಕನ ಮುಂದೆ ಅವರೆಕಾಯಿ ಸುರಿದರು. ಇಪ್ಪತ್ತೈದು ವರ್ಷ ಜೊತೆಗಿದ್ದರೂ ನಾನು ಅವಳ ಮುಖವನ್ನು ಹಾಗೆ ನೋಡಿರಲಿಲ್ಲ. ಬರೆಯತೊಡಗಿದ ಮೇಲೆ ಪದಗಳು ತಾವಾಗಿ ಬಂದವು. ನಾಚಿಕೆಯಿಂದ ಹೇಳುತ್ತೇನೆ, ನನಗೆ ಸಂತೋಷವಾಯಿತು.

"ಗಟ್ಟಿಯಾಗಿ ಓದು" ಎಂದರು ದೊಡ್ಡಮ್ಮ.

"ಅವಳ ಮುಂದೆಯೇ?"

"ಅವ್ಳ ಮುಖನೇ ತಾನೆ? ಓದು."

ಓದಿದೆ: "ದಣಿದಾಗ ಇವಳ ಎಡಗಣ್ಣು ಹೊರಗೆ ಓಡಿಹೋಗುತ್ತದೆ. ಆಗ ಇವಳು ನಿಮ್ಮನ್ನೇ ನೋಡುತ್ತಿದ್ದರೂ ನಿಮ್ಮ ಪಕ್ಕದಲ್ಲಿ ಇನ್ನಾರೋ ನಿಂತಿರುವಂತೆ ತೋರುತ್ತದೆ. ನಗುವಾಗ ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾಳೆ, ಆದ್ದರಿಂದ ನಗು ಅರ್ಧವೇ ಹೊರಗೆ ಬರುತ್ತದೆ. ಮೀಸೆಯೊಂದನ್ನು ಬಿಟ್ಟರೆ ಮುಖ ತಂದೆಯದೇ."

ದೊಡ್ಡಮ್ಮ ತೊಡೆ ತಟ್ಟಿದರು. "ಇದು ಬರ್ದಿರೋದು! ನಿನ್ ಡಿಗ್ರಿ ಇವತ್ತು ಕೆಲ್ಸಕ್ ಬಂತು."

ಅಕ್ಕ ಕಾಯಿಯಿಂದ ತಲೆಯೆತ್ತಲಿಲ್ಲ. "ಮುಗೀತಾ?" ಎಂದಳು. ಸುಲಿದ ಕಾಳನ್ನು ಮೊರಕ್ಕೆ ಹಾಕಿ ಎದ್ದು ಹೋದಳು.

ಮೂರು ತಿಂಗಳಲ್ಲಿ ಮದುವೆಯಾಯಿತು. ಜೂಜುವಾಡಿಯಲ್ಲಿ ಟೈರಿನ ಅಂಗಡಿಯಿಟ್ಟಿದ್ದ ಮನೆ. ನಿಜ ಹೇಳುವ ಜನ ಎಂದು ಒಪ್ಪಿಕೊಂಡರಂತೆ. ಹಬ್ಬಕ್ಕೆಂದು ನಾನು ಅಲ್ಲಿಗೆ ಹೋದಾಗ ಭಾವ ಅಂಗಡಿಯ ಮುಂದೆ ಗೆಳೆಯರೊಡನೆ ಕುಳಿತಿದ್ದರು. ನನ್ನನ್ನು ಕಂಡವರೇ ಫೋನು ತೆಗೆದರು.

"ಬಂದ್ಲು ನೋಡ್ರೋ ನಮ್ ನಾದಿನಿ! ಏನ್ ಬರ್ದವ್ಳೆ ಗೊತ್ತಾ? ಕೇಳ್ರಿ." ನನ್ನ ವಾಕ್ಯಗಳನ್ನು ಒಂದಕ್ಷರ ತಪ್ಪದೆ ಓದಿದರು. ಅನಂತರ ಒಳಗೆ ತಿರುಗಿ ಕೂಗಿದರು: "ಲೇ, ಟೀ ಎಲ್ಲೇ? ಎತ್ಲಾಗ್ ಓಡೋಯ್ತೇ ನಿನ್ ಕಣ್ಣು?"

ಗೆಳೆಯರು ನಕ್ಕರು. ಒಬ್ಬ, "ಇವತ್ತು ಪಕ್ಕದಲ್ಲಿ ಯಾರ್ ನಿಂತವ್ರೆ ಅಕ್ಕಾ?" ಎಂದ. ಅಕ್ಕ ಟೀ ತಂದಿಟ್ಟಳು, ಎಡಗಡೆಯ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು. ಭಾವ ಕೆಟ್ಟವರೇನಲ್ಲ, ತಾವು ನನ್ನನ್ನು ಹೊಗಳುತ್ತಿರುವುದಾಗಿಯೇ ತಿಳಿದಿದ್ದರು.

ಊರಿಗೆ ಮರಳಿ ದೊಡ್ಡಮ್ಮನಿಗೆ ಇದನ್ನು ಹೇಳಿ ಅತ್ತೆ. ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಒಳಗಿದ್ದು ನಗಿಸ್ಕತಾವ್ಳೆ. ಬಾಗಿಲಾಚೆ ನಿಂತು ನಗಿಸ್ಕೊಳ್ಳೋದ್ಕಿಂತ ವಾಸಿ. ಅಷ್ಟು ಚೆನ್ನಾಗ್ ಬರೀಬಾರ್ದಾಗಿತ್ತು ಅನ್ನು. ಅದು ನಿನ್ ತಪ್ಪು, ನಂದಲ್ಲ. ನಾನು ನಿಜ ಹೇಳು ಅಂದೆ, ಜನ ಬಾಯ್ಪಾಠ ಮಾಡೋ ಹಂಗೆ ಹೇಳು ಅಂದ್ನಾ?"

ಆದರೂ ಈಗಲೂ ಪಾತ್ರವೊಂದರ ಮುಖ ಬರೆಯಲು ಕುಳಿತಾಗ ನಾನು ಮೊದಲು ಹುಡುಕುವುದು ಊನವನ್ನೇ. ಹಾಗೆ ಮಾಡದೆ ಬರೆದ ಮುಖಗಳು ಸತ್ತಂತೆ ಕಾಣುತ್ತವೆ. ದೊಡ್ಡಮ್ಮ ಕೊಟ್ಟದ್ದನ್ನು ಹಿಂದಿರುಗಿಸುವ ದಾರಿ ನನಗೆ ತಿಳಿಯದು.

ಕಳೆದ ವರ್ಷದ ಕೊನೆಯಲ್ಲಿ ಅವರು ಎರಡು ದಿನದ ಜ್ವರದಲ್ಲಿ ತೀರಿಕೊಂಡರು. ಅವರು ಕೂಡಿಸಿದ ಮನೆಗಳವರೆಲ್ಲ ಅಂಗಳದಲ್ಲಿ ನೆರೆದಿದ್ದರು. ಜೂಜುವಾಡಿಯಿಂದ ಅಕ್ಕನೂ ಬಂದಿದ್ದಳು, ಮೂರು ತಿಂಗಳ ಮಗಳನ್ನೆತ್ತಿಕೊಂಡು. ಬಾಣಂತನವನ್ನು ಅವಳು ಅತ್ತೆಯ ಮನೆಯಲ್ಲಿಯೇ ಮುಗಿಸಿದ್ದಳು. ನಾನು ಮಗುವನ್ನು ಕಾಣಲು ಹತ್ತಿರ ಹೋಗಿ ಬಗ್ಗಿದೆ. ಅಕ್ಕ ಸೆರಗೆಳೆದು ಮಗುವಿನ ಮುಖ ಮುಚ್ಚಿದಳು.

"ನೀನ್ ನೋಡ್ಬೇಡ ಕಣೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಮಗುವಿಗೆ ಈಗ ಎರಡು ಹಲ್ಲು ಬಂದಿವೆ ಎಂದು ಅಮ್ಮ ಹೇಳುತ್ತಾರೆ.