ಉತ್ತರಕ್ಕೆ ಕಾಯುತ್ತಿದ್ದ ಕಮಲಮ್ಮ ಟೀಚರು

ಕಮಲಮ್ಮ ಟೀಚರು ಪ್ರಶ್ನೆ ಕೇಳಿದರೆ ಉತ್ತರ ಬರುವವರೆಗೆ ಕಾಯುತ್ತಿದ್ದರು. ಎದುರಿಗಿಟ್ಟ ಕಾಫಿ ಆರಿಹೋದರೂ ಸರಿಯೇ. ಜಾವಗಲ್ಲಿನಲ್ಲಿ ಹಾಗೆ ಕಾಯುವವರು ಬೇರೆ ಯಾರೂ ಇರಲಿಲ್ಲ.

ನನ್ನ ಅಕ್ಕ ಶಾರದೆಗೆ ಬುದ್ಧಿ ನಿಧಾನ. ಮಾತು ಅದಕ್ಕಿಂತ ನಿಧಾನ. ಮದುವೆಯ ವಯಸ್ಸಾದರೂ ಅಮ್ಮನೇ ತಲೆ ಬಾಚಬೇಕು, ಅನ್ನ ಕಲೆಸಿಕೊಡಬೇಕು, ಯಾರೇನು ಕೇಳಿದರೂ ಅಮ್ಮನೇ ಉತ್ತರಿಸಬೇಕು. ಐವತ್ತರ ದಶಕದ ಕೊನೆಯಲ್ಲಿ, ನಿವೃತ್ತರಾಗಿ ಪಕ್ಕದ ಮನೆಗೆ ಬಂದ ಟೀಚರು ಮೊದಲ ದಿನವೇ, "ನೀನು ಸುಮ್ನಿರು ಸಾವಿತ್ರಿ, ಅವಳು ಹೇಳ್ಲಿ" ಎಂದು ಅಮ್ಮನ ಬಾಯಿ ಮುಚ್ಚಿಸಿದರು. ಬಹಳ ಹೊತ್ತಿನ ಮೇಲೆ ಅಕ್ಕ ತನ್ನ ಹೆಸರು ಹೇಳಿದಳು.

ಅಂದಿನಿಂದ ಅಕ್ಕ ಅವರ ಮನೆಯಲ್ಲಿ ಸೀರೆ ಉಡುವುದು, ಒಲೆ ಹಚ್ಚುವುದು, ಅಂಗಡಿಯಲ್ಲಿ ಬೇಕಾದ್ದು ಕೇಳಿ ತರುವುದು ಕಲಿತಳು. ಒಮ್ಮೆ ಗಂಜಿ ಬಸಿಯುವಾಗ ಕೈ ಸುಟ್ಟುಕೊಂಡು ಬಂದಳು. ಅಮ್ಮ ಅವರ ಬಾಗಿಲಲ್ಲಿ ನಿಂತು ಕೂಗಾಡಿದಳು: "ಕೈ ಸುಡಿಸ್ಕೊಳೋಕೆ ಮಗಳನ್ನ ನಿಮ್ಮನೆಗೆ ಕಳಿಸ್ಬೇಕಾಗಿತ್ತಾ?"

ಟೀಚರ ಕಣ್ಣು ತುಂಬಿತ್ತು. "ನನಗೂ ಸಂಕಟವೇ ಕಣೇ. ಆದ್ರೆ ನೀನೂ ನಾನೂ ಎಷ್ಟು ದಿನ ಇರ್ತೀವಿ? ಆಮೇಲೆ ಇವಳಿಗೆ ಬೇಯಿಸಿ ಹಾಕೋರು ಯಾರು?"

ಗಾಯ ಮಾಗಿದ ಮೇಲೆ ಅಮ್ಮ ತಾನೇ ಅಕ್ಕನನ್ನು ಕರೆದುಕೊಂಡು ಹೋಗಿ ಬಿಟ್ಟಳು.

ಮರುವರ್ಷ ಹಾರನಹಳ್ಳಿಯಿಂದ ಹೆಂಡತಿ ಸತ್ತವನೊಬ್ಬ ಅಕ್ಕನನ್ನು ಕೇಳಿಕೊಂಡು ಬಂದ. ಹಾಸಿಗೆ ಹಿಡಿದ ತಾಯಿಯನ್ನು, ತಬ್ಬಲಿ ಮಕ್ಕಳನ್ನು ನೋಡಿಕೊಳ್ಳಲು ಅವನಿಗೊಂದು ಆಳು ಬೇಕಿತ್ತು. ಅಪ್ಪ ಭಾರ ಇಳಿಯಿತೆಂದುಕೊಂಡಿದ್ದರು. ಟೀಚರು ಎಲ್ಲರೆದುರು ಅಕ್ಕನ ಪಕ್ಕ ಕೂತು, "ಶಾರದಾ, ಇವರ ಮನೇಲಿ ಹೋಗಿ ಇರೋಕೆ ನಿಂಗೆ ಇಷ್ಟವಾ?" ಎಂದರು.

"ಅವಳನ್ನೇನ್ರೀ ಕೇಳೋದು?" ಅಪ್ಪ ಗದರಿದರು. ಟೀಚರು ಕದಲಲಿಲ್ಲ. ಅಕ್ಕ ಸೆರಗನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಕೊನೆಗೆ "ಬೇಡ" ಎಂದಳು. ಅಪ್ಪನೆದುರು ಅವಳು ಹಾಗೆಂದದ್ದು ಅದೇ ಮೊದಲು. ಬಂದವರು ಎದ್ದು ಹೋದರು. ಅಪ್ಪ ಟೀಚರ ಜೊತೆ ಮಾತು ಬಿಟ್ಟರು. ಅಕ್ಕ ಅವರ ಹೊಸಿಲು ತುಳಿಯಕೂಡದೆಂದರು.

ಆ ಚಳಿಗಾಲ ಎದೆನೋವು ಹೆಚ್ಚಿ ಟೀಚರು ಬೇಲೂರಿನ ತಮ್ಮನ ಮನೆಗೆ ಹೊರಟರು. ಅಕ್ಕ ಅಪ್ಪನ ಕಣ್ಣೆದುರೇ ಬಸ್ ಸ್ಟ್ಯಾಂಡಿಗೆ ನಡೆದಳು. ನಾನು ಹಿಂದೆ ಓಡಿದೆ. ಬಸ್ಸಿನ ಕಿಟಕಿಯಲ್ಲಿ ಅವರ ಕೈ ಹಿಡಿದು, "ಯಾವಾಗ... ಬರ್ತೀರಿ?" ಎಂದಳು.

ಬೇಗ ಬರುತ್ತೇನೆಂದು ಸುಮ್ಮನೆ ಹೇಳಿಬಿಡಬಾರದೇ ಎನ್ನಿಸಿತು ನನಗೆ. ಟೀಚರು ಹೇಳಲಿಲ್ಲ. "ಬರಲ್ಲ ಕಣೇ ಶಾರದಾ. ನನ್ನ ಕಾಲ ಮುಗೀತಾ ಬಂತು, ಸತ್ತೋಗ್ತೀನಿ" ಎಂದರು. ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಅಕ್ಕ ಅತ್ತಳು.

ಯುಗಾದಿಗೆ ಮೊದಲೇ ಸುದ್ದಿ ಬಂತು. ಹೇಳಲು ಧೈರ್ಯ ಸಾಲದೆ ಅಮ್ಮ, "ಟೀಚರು ಬೇರೆ ಊರಿಗೆ ಹೋದ್ರಂತೆ ಕಣೇ" ಎಂದಳು.

ಅಕ್ಕ ಅಮ್ಮನ ಮುಖವನ್ನೇ ನೋಡಿದಳು.

"ಇಲ್ಲ, ಸತ್ತೋದ್ರು" ಎಂದಳು. "ನಂಗೆ... ಅವರೇ ಹೇಳಿದ್ರು."