ತೋಳು ಹಚ್ಚಿದ ಕೌದಿ

ಚನ್ನಬಸವ್ವ ಬಾದಾಮಿ ಕಡೆಯ ಹೆಣ್ಣು. ಮಿಲಿಟರಿ ಡಿಪೋದಲ್ಲಿ ಕಾರಕೂನನಾಗಿದ್ದ ತಾಯಪ್ಪನ ಕೈಹಿಡಿದು ಪುಣೆಯ ಹತ್ತಿರದ ದೇಹೂ ರೋಡಿಗೆ ಬಂದವಳು, ಇಲ್ಲಿಯೇ ತಲೆ ನರೆತರೂ ಪುಣೆಯ ಒಂದು ವಸ್ತುವನ್ನೂ ಮೆಚ್ಚಿದ್ದಿಲ್ಲ. ಇಲ್ಲಿಯ ಭಾಕರಿ ದಪ್ಪ, ಚಟ್ನಿ ಸಪ್ಪೆ, ಜನ ಜಂಬದವರು. ಅದನ್ನೆಲ್ಲ ಹೇಗೋ ನುಂಗಿಕೊಂಡಳು. ಆದರೆ ಚಳಿಗಾಲ ಬಂದೊಡನೆ ಸಣ್ಣವರು ದೊಡ್ಡವರೆನ್ನದೆ ಎಲ್ಲರೂ ತೊಟ್ಟು ಮೆರೆಯುವ, ಗೆರೆಗೆರೆಯಾಗಿ ಹೊಲಿಗೆ ಹಾಕಿದ ಆ ಉಬ್ಬು ಜಾಕೀಟನ್ನು ಮಾತ್ರ ನುಂಗಲಾಗಲಿಲ್ಲ.

“ಕೌದಿಗೆ ತೋಳು ಹಚ್ಚಿಕೊಂಡು ತಿರಗತಾವ ನೋಡ, ನಾಚಿಕಿಲ್ಲದವು!” ಎಂದು ಎದುರುಮನೆಯ ಪಾರವ್ವನಿಗೆ ಹೇಳುವಳು. “ನಮ್ಮೂರಾಗ ಕೌದಿ ಹೊದ್ದು ಓಣ್ಯಾಗ ಬಂದಾನಂದ್ರ ಒಂದೋ ಜ್ವರ ಬಂದಿರಬೇಕು, ಇಲ್ಲಾ ಮೈಗಳ್ಳ ಇರಬೇಕು.”

ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದರಲ್ಲಿ ಆಕೆಯ ಕೈ ಪಳಗಿತ್ತು, ಅದರ ಜಂಬವೂ ಸಾಕಷ್ಟಿತ್ತು. ಯಾರ ಮನೆಯ ಕೌದಿ ಕಂಡರೂ ಮೂಲೆಯ ಹೊಲಿಗೆ ಬಿಚ್ಚಿ, ಒಳಗೆ ಯಾರ ಯಾರ ಸೀರೆ ಇದೆ ಎಂದು ಇಣುಕಿ, ಮತ್ತೆ ಹೊಲಿದು ಮುಚ್ಚುವುದು ಆಕೆಯ ತವರಿನ ಹೆಂಗಸರ ಚಟ. ಒಳಗೆ ಮನೆಯವರಿಲ್ಲದ ಕೌದಿಗೆ ಅವರಲ್ಲಿ ಮರ್ಯಾದೆಯಿಲ್ಲ.

ಇಂಥವಳ ಮನೆಯೊಳಗೇ ಒಂದು ಕೆಂಪು ಜಾಕೀಟು ಬಂದು ಕೂತಿತ್ತು. ಅದು ಸೊಸೆ ದೀಪಾಲಿಯದು. ದೌಂಡದ ರೈಲ್ವೆಯವರ ಮಗಳಾದ ಆಕೆಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ. ನಸುಕಿನಲ್ಲೇ ಸ್ಕೂಟರ್ ಹತ್ತಿ ಕಂಪನಿಯ ಬಸ್ಸು ಹಿಡಿಯಲು ಓಡಬೇಕು.

“ಭಾಳ ಹಗುರ ಅದರಿ ಅತ್ತಿ. ಗಾಳಿ ಒಳಗ ಹೋಗೂದಿಲ್ಲ. ಸುತ್ತಿಟ್ರ ಮುಷ್ಟ್ಯಾಗ ಹಿಡಿತದ.”

“ಮುಷ್ಟ್ಯಾಗ ಹಿಡಿಯೂದು ಅರಿವಿ ಏನ? ಮೂಗ ಒರಸೂ ಕರ್ಚೀಫ ಅದು!”

ದೀಪಾಲಿ ಜಾಕೀಟಿನ ಝಿಪ್ ಎಳೆದುಕೊಂಡು ಹೊರಟುಬಿಡುತ್ತಿದ್ದಳು. ಹೋದ ಮಳೆಗಾಲದಲ್ಲಿ ಆಕೆಯ ತಾಯಿ ತೀರಿಕೊಂಡಿದ್ದಳು. ಚನ್ನಬಸವ್ವನೂ ದೌಂಡಕ್ಕೆ ಹೋಗಿ ಬೀಗತಿಗಾಗಿ ಮನಸಾರೆ ಅತ್ತು ಬಂದಿದ್ದಳು. ಆದರೂ ಸೊಸೆಯ ಜಾಕೀಟಿಗೆ ಮಾತ್ರ ರಿಯಾಯಿತಿ ಸಿಗಲಿಲ್ಲ. ಈ ಚಳಿಗಾಲದಲ್ಲಂತೂ ದೀಪಾಲಿ ಅದನ್ನು ಮನೆಯೊಳಗೂ ತೊಡತೊಡಗಿದ್ದಳು, ಮಷೀನಿಗೆ ಹಾಕದೆ ಕೈಯಾರೆ ಒಗೆಯುತ್ತಿದ್ದಳು. ಇಷ್ಟು ಕೊಂಡಾಟ ಯಾತಕ್ಕೆಂದು ಅತ್ತೆಯ ಮೈ ಉರಿಯುತ್ತಿತ್ತು.

ಒಂದು ಭಾನುವಾರ ದೀಪಾಲಿ ಜಾಕೀಟು ಒಗೆದು ಮಾಳಿಗೆಯ ಮೇಲೆ ಹರವಿ ಕಾಯಿಪಲ್ಲೆ ತರಲು ಹೋದಳು. ಚನ್ನಬಸವ್ವನೊಡನೆ ಬಿಸಿಲು ಕಾಯಿಸಲು ಮೇಲೆ ಬಂದ ಪಾರವ್ವ ಅದನ್ನು ಹಿಸುಕಿ ನೋಡಿದಳು.

“ಒಳಗೇನ ತುಂಬ್ಯಾರ ಇದಕ್ಕ?”

“ಏನಿರತದ, ಮಣ್ಣು! ತಡಿ, ತೋರಸ್ತೇನಿ.”

ಚನ್ನಬಸವ್ವ ಕೌದಿಯ ಮೂಲೆ ಬಿಚ್ಚುವ ಹಾಗೆಯೇ ಅಂಚಿನ ದಾರವನ್ನು ಪಿನ್ನಿನಿಂದ ಎಬ್ಬಿಸಿ ಎಳೆದಳು. ಅದು ಕೈಹೊಲಿಗೆಯಾಗಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಈ ಮಷೀನಿನ ದಾರ ಎಳೆದಷ್ಟೂ ಬಂತು. ಇನ್ನೂ ಜಗ್ಗಿದ್ದಕ್ಕೆ ನುಣುಪಾದ ಬಟ್ಟೆ ಪರ್ ಎಂದು ಹರಿಯಿತು. ಬೆಳ್ಳಗಿನ ಪ್ಲಾಸ್ಟಿಕ್ ನಾರು ಗಾಳಿಗೆ ಹಾರಿ ಮಾಳಿಗೆಯ ತುಂಬ ಚೆಲ್ಲಾಡಿತು.

“ನೋಡ್ದೇನ?” ಚನ್ನಬಸವ್ವ ಗಹಗಹಿಸಿ ನಕ್ಕಳು. “ಒಳಗ ಒಬ್ಬರೂ ಇಲ್ಲ!”

ದೀಪಾಲಿ ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಚೀಲ ಇಳಿಸಿ, ಕುಕ್ಕುರುಗಾಲಲ್ಲಿ ಕೂತು ಹಾರಿದ ನಾರನ್ನು ಆರಿಸತೊಡಗಿದಳು. ಪಾರವ್ವ ಮೆಲ್ಲಗೆ ಜಾಗ ಖಾಲಿ ಮಾಡಿದಳು.

“ನಮ್ಮವ್ವ ದವಾಖಾನಿ ಸೇರೂಕಿಂತ ಮೊದಲ ಕೊಡಿಸಿದ್ದರಿ ಇದು,” ಎಂದಳು ದೀಪಾಲಿ ತಲೆಯೆತ್ತದೆ. “ಗಾಡಿ ಮ್ಯಾಲ ಮಗಳಿಗೆ ಥಂಡಿ ಹತ್ತತದ ಅಂತ. ಆಕಿ ಸೀರಿ ಎಲ್ಲಾ ಅಣ್ಣಾರ ಹೆಂಡ್ರು ಹಂಚಿಕೊಂಡ್ರು. ನನಗ ಉಳದದ್ದು ಇದೊಂದ.”

“ನನ್ನ ಮುಂದ ಯಾಕ ಹೇಳಲಿಲ್ಲ ನೀ?”

“ನೀವು ದಿನಾ ನಗತಿದ್ರಿ. ನಮ್ಮವ್ವನ ಹೆಸರು ಹೇಳಿ ಆಕಿನ್ನೂ ಯಾಕ ನಗಿಪಾಟಲ ಮಾಡಲಿ ಅಂತ ಸುಮ್ಮನಿದ್ದೆ.”

ಚನ್ನಬಸವ್ವನಿಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

ಮಧ್ಯಾಹ್ನ ಉಣ್ಣದೆ ಸೂಜಿ ದಾರ ಹಿಡಿದು ಕೂತಳು. ಹಾಳು ಬಟ್ಟೆ, ಸೂಜಿ ಮುಟ್ಟಿದರೆ ಜಾರುತ್ತಿತ್ತು. ಅದನ್ನು ಮಾಡಿದವರ ವಂಶವನ್ನೆಲ್ಲ ಬೈಯುತ್ತ, ಆರಿಸಿ ತಂದ ನಾರನ್ನು ಒಳಗೆ ತುಂಬಿದಳು. ಹರಿದಲ್ಲಿಗೆ ತೇಪೆ ಬೇಕಾದಾಗ ಟ್ರಂಕು ತೆಗೆದು ತನ್ನ ತಾಯಿಯ ಇಳಕಲ್ ಸೀರೆಯ ಸೆರಗಿಗೇ ಕತ್ತರಿ ಹಾಕಿದಳು. ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿಯುತ್ತ ಬಂದು, ಬೆರಳು ತೂರುವಷ್ಟು ಬಾಯಿ ಉಳಿದಾಗ ನಿಲ್ಲಿಸಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಕೊನೆಯ ಹೊಲಿಗೆಗೆ ಮುಂಚೆ ಒಳಗೆ ರೊಟ್ಟಿಯ ಚೂರು ಇಡುವುದು ಆಕೆಯ ಕಡೆಯ ಪದ್ಧತಿ. ಅದನ್ನು ಹೊಲಿದವಳೇ ಇಡಬೇಕು.

“ದೀಪಾ, ಬಾ ಇಲ್ಲೆ,” ಎಂದು ಕರೆದು ಒಣರೊಟ್ಟಿಯ ಚೂರನ್ನು ಅವಳ ಕೈಗೆ ಕೊಟ್ಟಳು. “ನಿಮ್ಮವ್ವಂದು ಇದು. ನೀನ ಹಾಕು.”

ದೀಪಾಲಿ ಹಾಕಿದಳು. ಅವಳ ಕಣ್ಣು ತುಂಬಿದ್ದನ್ನು ಕಂಡು ಚನ್ನಬಸವ್ವ ಗಂಟು ಬಿಗಿಯುತ್ತ ಗೊಣಗಿದಳು, “ಪ್ಲಾಸ್ಟಿಕಿನ ಹೊಟ್ಟಿ, ರೊಟ್ಟಿ ಪಚನಾಗತದೋ ಇಲ್ಲೋ.”

ಮರುದಿನ ನಸುಕಿನಲ್ಲಿ ದೀಪಾಲಿ ಸೊಟ್ಟ ತೇಪೆಯ ಜಾಕೀಟು ತೊಟ್ಟು ಸ್ಕೂಟರ್ ಹೊರತೆಗೆದಳು. ಅಂಗಳ ಗುಡಿಸುತ್ತಿದ್ದ ಪಾರವ್ವನಿಗೆ ನಗು ತಡೆಯಲಾಗಲಿಲ್ಲ.

“ಏನ ಚನ್ನಬಸವ್ವ, ನಿನ್ನ ಸೊಸಿನೂ ಕೌದಿ ತೊಟ್ಟು ಹೊಂಟಾಳಲ್ಲ!”

“ಹೊಂಟಾಳ. ಏನೀಗ?” ಬಾಗಿಲಲ್ಲಿ ನಿಂತ ಚನ್ನಬಸವ್ವ ಪಾರವ್ವನನ್ನು ಅಡಿಯಿಂದ ಮುಡಿಯವರೆಗೆ ತಿರಸ್ಕಾರದಿಂದ ನೋಡಿದಳು. “ಒಳಗ ಆಕಿ ಅವ್ವ ಅದಾಳ. ನೀ ನೆಲಾ ನೋಡಿ ಗುಡಸು.”